ಫೋಟೋಕ್ಕೇನ್ರಿ, ಕೊರಳಿಗೇನ್ರಿ?

ರಾಯದುರ್ಗ, ಬಸ್ ನಿಲ್ದಾಣದ ಎದುರು

ದೇಶ ದಾಟುವ ಮುನ್ನ ಜನ ದೇವರಿಗೆ ಕಾಯಿ ಒಡೆಸುತ್ತಾರೆ. ನಾನು ಚಿಕ್ಕವ್ವನಿಗೆ ಹಾಡು ಕೇಳಿಸಲು ಹೋದೆ. ಕೇಳಿಸದೆ ಹೊರಟಿದ್ದರೆ ನೇಪಾಳದ ಹಿಮವನ್ನು ನೋಡಿ ನೆಮ್ಮದಿಯಾಗಿ ಮರಳುತ್ತಿದ್ದೆ. ನಿಮಗೆ ಬರೆದು ತಿಳಿಸುವಂಥದ್ದೇನೂ ಇರುತ್ತಿರಲಿಲ್ಲ.

ಚಿಕ್ಕವ್ವ ನನ್ನ ಅವ್ವನ ತಂಗಿ, ಹೆಸರು ಲಕ್ಷ್ಮಕ್ಕ. ಹುಟ್ಟಿದ್ದು ಮಡಕಶಿರಾ ಕಡೆಯ ನಮ್ಮ ಅಮರಾಪುರದಲ್ಲಿ, ಬಾಳುತ್ತಿರುವುದು ರಾಯದುರ್ಗದಲ್ಲಿ; ಎರಡೂ ಆಂಧ್ರಕ್ಕೆ ಸೇರಿದ ಗಡಿಯೂರುಗಳು. ಅವಳ ಜೊತೆಗೆ ಅವಳ ಮಾತೂ ಮದುವೆಯಾಗಿ ಹೋಗಿದೆ: ಅವ್ವ ‘ಯಾಕೆ’ ಎನ್ನುವಲ್ಲಿ ಇವಳು ‘ಯಾಕ’ ಎನ್ನುತ್ತಾಳೆ. ಜೀನ್ಸ್ ಹೊಲಿಯುವ ಮಳಿಗೆಗಳ ಸಾಲು ಶುರುವಾಗುವ ಮೂಲೆಯಲ್ಲಿ ಅವಳ ಹೂವಿನಂಗಡಿ. ಹಾರ ಕೇಳಲು ಬಂದವರು ಯಾರೇ ಆಗಲಿ, ಅವಳು ತಲೆಯೆತ್ತದೆ ಕೇಳುವ ಪ್ರಶ್ನೆ ಒಂದೇ: “ಫೋಟೋಕ್ಕೇನ್ರಿ, ಕೊರಳಿಗೇನ್ರಿ?” ಅಳತೆ ಬೇರೆ ಬೇರೆ. ಸತ್ತವರ ಫೋಟೋಕ್ಕೆ ಹಾಕುವ ಹಾರ ಗಿಡ್ಡ, ಚೌಕಟ್ಟಿಗೆ ಸರಿಯಾಗಿ ಕೂರಬೇಕು. ಬದುಕಿರುವವರ ಕೊರಳಿಗೆ ಹಾಕುವುದು ಎದೆ ದಾಟಿ ಇಳಿಯಬೇಕು.

ಅವಳ ಮಗ ತಿಪ್ಪೇಶ ಸೈನ್ಯದಲ್ಲಿದ್ದಾನೆ. ನನಗಿಂತ ನಾಲ್ಕು ವರ್ಷ ಚಿಕ್ಕವನು. ಭಾನುವಾರಕ್ಕೊಮ್ಮೆ ಫೋನು ಮಾಡುತ್ತಿದ್ದವನು ಎರಡು ಭಾನುವಾರಗಳಿಂದ ಮಾಡಿರಲಿಲ್ಲ. ಎದುರಿನ ಚಹದಂಗಡಿಯ ಟಿವಿಯಲ್ಲಿ ಗಡಿ, ಗುಂಡು, ತಕ್ಕ ಉತ್ತರ ಎಂಬ ಪದಗಳು ದಿನವಿಡೀ ಕೆಂಪು ಅಕ್ಷರಗಳಲ್ಲಿ ಓಡುತ್ತಿದ್ದವು. ಅವನ ಸುದ್ದಿ ತಿಳಿಸಿರೆಂದು ನಾನು ಸೈನ್ಯದ ಮೂರು ಕಚೇರಿಗಳಿಗೆ ಪತ್ರ ಬರೆದಿದ್ದೆ. ಒಂದು ಕಡೆಯಿಂದ ಮಾತ್ರ ಉತ್ತರ ಬಂದಿತ್ತು: ‘ನಿಮ್ಮ ಮನವಿ ಸ್ವೀಕೃತವಾಗಿದೆ.’ ಮಗನನ್ನು ಕರೆದುಕೊಂಡು ಹೋಗುವಾಗ ಇಷ್ಟು ಸಂಕ್ಷಿಪ್ತವಾಗಿ ಯಾರೂ ಮಾತನಾಡಿರಲಿಲ್ಲ.

ಆ ಸಿಟ್ಟಿನಲ್ಲೇ ಕಟ್ಟಿದ ಹಾಡು ಅದು. ನಮ್ಮಜ್ಜಿ ರಾಗಿ ಬೀಸುವಾಗ ಹಾಡುತ್ತಿದ್ದ ಧಾಟಿಗೆ ಪದಗಳನ್ನು ಕೂರಿಸಿದ್ದೆ. ಯುದ್ಧದ ಬಗ್ಗೆ ತಾವೇ ಕಟ್ಟಿದ ಹಾಡನ್ನು ತಂದು ಒಬ್ಬರಿಗೊಬ್ಬರು ಕೇಳಿಸುವ ಕೂಟವೊಂದು ನೇಪಾಳದ ಬೆಟ್ಟದ ಹಳ್ಳಿಯಲ್ಲಿ ನಡೆಯಲಿತ್ತು. ನನ್ನ ಹಾಡು ಆಯ್ಕೆಯಾಗಿತ್ತು. ಮಲ್ಲಿಗೆ ಬುಟ್ಟಿಯ ಪಕ್ಕ ಕುಳಿತು, ಬಸ್ಸುಗಳ ಹಾರನ್ನಿನ ನಡುವೆಯೇ ಹಾಡಿದೆ:

*ಕಳ್ಳೆಕಾಯಿ ಸುಲಿದರೆ ಒಳಗೆರಡು ಬೀಜಾವು*
*ಒಂದು ಹೊಲಕಂತು, ಒಂದು ದಂಡಿಗಂತು, ನನ ತಮ್ಮ*
*ದಂಡಿಗೆ ಕರೆದೋರು ಯಾರವ್ವ, ಕೇಳಿರಿ*
*ದಂಡ ಕಟ್ಟೋರು ಯಾರು?*

ಚಿಕ್ಕವ್ವನ ಬೆರಳುಗಳು ದಾರದ ಮೇಲೆ ನಿಂತವು. ಅವಳ ಕೈ ನಿಂತದ್ದನ್ನು ನಾನು ಎಂದೂ ನೋಡಿರಲಿಲ್ಲ.

“ಕಡೀಕ ಏನಂದಿ? ಇನ್ನೊಮ್ಮೆ ಅನ್ನು.”

“ದಂಡ ಕಟ್ಟೋರು ಯಾರು ಅಂತ. ದಂಡು ಅಂದ್ರೆ ಸೈನ್ಯ, ದಂಡ ಅಂದ್ರೆ ಜುಲ್ಮಾನೆ. ಯುದ್ಧಕ್ಕೆ ಕರೆದೋರು ಒಬ್ರು, ದಂಡ ತೆರೋರು ಇನ್ನೊಬ್ರು ಅನ್ನೋ ಅರ್ಥ, ಚಿಕ್ಕವ್ವ.”

“ನಿನ್ನ ಯೂನಿವರ್ಸಿಟಿಗೆ ಬೆಂಕಿ ಬಿತ್ತು! ಈ ಊರಾಗ ದಂಡ ಅಂದ್ರ ಏನವ್ವಾ? ಮುಂಜಾನಿಂದ ಎಷ್ಟು ಮಂದಿ ಬಂದು ‘ಅಮ್ಮಾ, ಒಕ ದಂಡ’ ಅಂದು ಹೋಗ್ಯಾರ, ಕಿವಿ ಎಲ್ಲಿ ಇಟ್ಟಿದ್ದಿ? ದಂಡ ಅಂದ್ರ ಹಾರ. ಕರ್ನಾಟಕದಾಗ ಓದಿ ತೆಲುಗು ಮರ್ತಿ?”

ಮರೆತಿರಲಿಲ್ಲ. ಆದರೆ ಬರೆಯುವಾಗ ನನ್ನ ಒಂದು ಕಿವಿ ಮಾತ್ರ ತೆರೆದಿತ್ತು. ಎರಡು ಭಾಷೆಗಳ ನಡುವೆ ಹುಟ್ಟಿದವಳು ಒಂದೇ ಭಾಷೆಯ ನಿಘಂಟನ್ನು ನಂಬಿ ಹಾಡು ಕಟ್ಟಿದ್ದೆ. ಕನ್ನಡದಲ್ಲಿ ದಂಡ ಕಟ್ಟುವುದೆಂದರೆ ತಪ್ಪಿಗೆ ಬೆಲೆ ತೆರುವುದು. ತೆಲುಗಿನಲ್ಲಿ ಹೂವಿನ ಹಾರ ಪೋಣಿಸುವುದು.

“ದಂಡಿಗೆ ಹೋದವಗ ದಂಡ ಕಟ್ಟೋರು ಯಾರು ಅಂತ ನನ್ನ ಮುಂದ ಕುಂತು ಕೇಳ್ತೀಯಲ್ಲ ಭಾಗೀ,” ಚಿಕ್ಕವ್ವನ ದನಿ ಸಣ್ಣಗಾಯಿತು. “ಈ ಊರಾಗ ಕಟ್ಟಾಕಿ ನಾನೇ ಅಲ್ಲೇನು? ಯಾವ ಅಳತೀಗೆ ಕಟ್ಟಲಿ? ಫೋಟೋಕ್ಕೋ, ಕೊರಳಿಗೋ?”

ಅವಳು ಹೂಬುಟ್ಟಿಯನ್ನು ನನ್ನ ಮುಂದೆ ಸರಿಸಿದಳು. “ಮುಟ್ಟು. ಅವ ಫೋನ್ ಮಾಡೋತನಕ ಆ ಸಾಲು ಬಾಯಾಗ ತರಂಗಿಲ್ಲ ಅಂತ ಮುಟ್ಟು.”

ಶಕುನಗಳನ್ನು ನಂಬದವಳು ನಾನು. ನಂಬಿಕೆಗಳ ರಾಜಕಾರಣದ ಮೇಲೆ ಪ್ರಬಂಧ ಬರೆದು ಪದವಿ ಪಡೆದವಳು. ಬುಟ್ಟಿ ಮುಟ್ಟಿದೆ. ಒದ್ದೆ ಮಲ್ಲಿಗೆ ತಣ್ಣಗಿತ್ತು.

ಸೊನೌಲಿ, ಗೆರೆಯ ಎರಡು ಬದಿ

ಗೆರೆಗಳ ವಿಷಯದಲ್ಲಿ ನಾವು ಅನುಭವಸ್ಥರು. ಅಮರಾಪುರದಿಂದ ರಾಯದುರ್ಗಕ್ಕೆ ಬರುವ ದಾರಿ ಆಂಧ್ರದಿಂದ ಕರ್ನಾಟಕಕ್ಕೆ ಇಳಿದು ಮತ್ತೆ ಆಂಧ್ರಕ್ಕೆ ಹತ್ತುತ್ತದೆ. ನಿದ್ದೆಯಲ್ಲಿದ್ದ ಪ್ರಯಾಣಿಕರಿಗೆ ಅದು ತಿಳಿಯುವುದೂ ಇಲ್ಲ. ಅಂಗಡಿಗಳ ಬೋರ್ಡು ನೋಡಿದವರಿಗಷ್ಟೇ ಗೊತ್ತು. ದೇಶದ ಗೆರೆಯೂ ಹೀಗೆಯೇ ಇರಬಹುದೆಂದು ಭಾವಿಸಿದ್ದೆ. ರೈಲಿನಿಂದ ಇಳಿದು, ಜೀಪು ಹಿಡಿದು, ಕಮಾನಿನ ಕೆಳಗೆ ನಡೆದು ದಾಟುವ ನೇಪಾಳದ ಗಡಿ ಸೊನೌಲಿ. ಸೈಕಲ್ ಮೇಲೆ ಈರುಳ್ಳಿ ಮೂಟೆ ಹೇರಿಕೊಂಡವರು ದಾಟುತ್ತಿದ್ದರು. ಮದುವೆಗೆ ಹೊರಟ ಹೆಂಗಸರು ದಾಟುತ್ತಿದ್ದರು. ಬಂದೂಕು ಹಿಡಿದವನೊಬ್ಬ ಮಾತ್ರ ನಿಂತಿದ್ದ.

ಅವನು ನನ್ನ ಚೀಲ ತೆರೆಸಿದ. ಅವ್ವ ಫೋನಿನಲ್ಲಿ “ಅಲ್ಲೇನ್ ತಿಂತಾರೋ ಏನೋ ಕಣೆ, ಬರೀ ಅನ್ನ ಅಂತೆ, ಮುದ್ದೆ ಕಂಡೋರಲ್ಲ” ಎಂದು ಮರುಗಿ, ಬಸ್ಸಿನವರ ಕೈಲಿ ಕಳಿಸಿದ್ದ ಕಳ್ಳೆಕಾಯಿ ಚಟ್ನಿಪುಡಿಯ ಡಬ್ಬಿ ಅವನ ಕೈಗೆ ಸಿಕ್ಕಿತು. ಮುಚ್ಚಳ ತೆಗೆದು ಮೂಸಿದ. ಒಂದರ ಹಿಂದೊಂದರಂತೆ ನಾಲ್ಕು ಸೀನು ಸೀನಿದ. ಬಂದೂಕು ಭುಜದಿಂದ ಜಾರಿತು. ಕಣ್ಣೊರೆಸಿಕೊಳ್ಳುತ್ತಾ ನಗುವ ಅವನ ಮುಖ ನೋಡಿದೆ. ತಿಪ್ಪೇಶನ ವಯಸ್ಸು. ತನ್ನ ತಾಯಿಗೆ ಇವನು ಈ ವಾರ ಫೋನು ಮಾಡಿದ್ದಾನೆಯೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಡಬ್ಬಿಯಿಂದ ಒಂದು ಹಿಡಿ ಪುಡಿಯನ್ನು ಕಾಗದದಲ್ಲಿ ಕಟ್ಟಿ ಕೊಟ್ಟೆ.

ಗಡಿಯಾಚೆ ಕಾಲಿಟ್ಟು ಸ್ವಲ್ಪ ಹೊತ್ತಿಗೆ ಮೊಬೈಲಿನ ಗಡಿಯಾರ ಹದಿನೈದು ನಿಮಿಷ ಮುಂದಕ್ಕೆ ಜಿಗಿಯಿತು. ಅವರ ಹೊತ್ತು ನಮ್ಮ ಹೊತ್ತಿಗಿಂತ ಕಾಲು ಗಂಟೆ ಮುಂದೆ. ಎಂಥ ವಿಚಿತ್ರ ಸ್ವಾಭಿಮಾನವೆಂದು ನಕ್ಕು ಮರೆತೆ. ಆ ಕಾಲು ಗಂಟೆಗೆ ನಾನು ತೆರಬೇಕಾದದ್ದು ಇನ್ನೂ ಬಾಕಿಯಿತ್ತು.

ಪೋಖರಾದ ಮೇಲಿನ ಹಳ್ಳಿ, ಮೊದಲ ದಿನ

ಜೀಪು ಇಳಿದವರಿಗೆಲ್ಲ ಅಲ್ಲಿಯ ಹೆಂಗಸರು ಚೆಂಡುಹೂವಿನ ಹಾರ ಹಾಕಿದರು. ನನ್ನ ಸರದಿ ಬಂದಾಗ ನಾನು ಒಂದು ಹೆಜ್ಜೆ ಹಿಂದಕ್ಕೆ ಸರಿದೆ. ಹಾರ ಹಿಡಿದಿದ್ದ ಮುದುಕಿ ಸೊಂಟಕ್ಕೆ ಕೈಕೊಟ್ಟು ನೋಡಿದಳು. ಅವಳು ಮನ್‌ಮಾಯಾ. ಊರಿಗೆಲ್ಲ ‘ಆಮಾ’, ಎಂದರೆ ಅವ್ವ. ನಾವು ಉಳಿದುಕೊಳ್ಳಲಿದ್ದ ಮನೆಯ ಯಜಮಾನಿ, ಮತ್ತು ಆ ಕಡೆಯ ಹೆಸರಾದ ಹಾಡುಗಾರ್ತಿ. ಅವಳ ಗಂಡ ಪರದೇಶದ ಪಡೆಯಲ್ಲಿ ದುಡಿದವನು. ಅಂಥವರಿಗೆ ಅಲ್ಲಿ ‘ಲಾಹುರೆ’ ಎನ್ನುತ್ತಾರೆ. ಅವಳ ಹಿಂದಿ ನನ್ನ ಹಿಂದಿಯಷ್ಟೇ ಕುಂಟುತ್ತಿತ್ತು, ಆದ್ದರಿಂದ ಇಬ್ಬರೂ ಜೊತೆಯಾಗಿ ನಡೆಯಬಲ್ಲವರಾದೆವು.

“ಹಾರಕ್ಕೆ ಹೆದರುವ ಹುಡುಗಿಯನ್ನು ಇದೇ ಮೊದಲು ನೋಡಿದ್ದು,” ಎಂದಳು. “ಮದುವೆಯಾಗಿಲ್ಲವೇನೇ?”

ಎಲ್ಲರೂ ನಕ್ಕರು. ಹಾರ ಕೊರಳಿಗೆ ಬಿತ್ತು. ಸಂಜೆಯವರೆಗೂ ತೆಗೆಯಬಾರದಂತೆ. ನಮ್ಮಲ್ಲಿ ಸನ್ಮಾನಿತರು ಹಾರವನ್ನು ಬಿದ್ದ ಕೂಡಲೇ ತೆಗೆದು ಮೇಜಿನ ಮೇಲಿಡುವುದು ವಿನಯ. ಇಲ್ಲಿ ತೆಗೆಯುವುದು ಅವಮಾನ. ಆ ಭಾರವನ್ನು ಹೊತ್ತುಕೊಂಡೇ ಊಟಕ್ಕೆ ಕುಳಿತೆ.

ಅನ್ನ, ಬೇಳೆ, ಸೊಪ್ಪು. ಮುಗಿಯುವಷ್ಟರಲ್ಲಿ ಮತ್ತೆ ಅನ್ನ. ನಮ್ಮ ಪದ್ಧತಿಯಂತೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು “ಸಾಕು” ಎಂದೆ. ಆಮಾಳ ಮುಖ ಕಪ್ಪಿಟ್ಟಿತು. ಒಳಗೆ ಹೋಗಿ ದೊಡ್ಡ ಪಾತ್ರೆಯನ್ನೇ ತಂದು ನನ್ನ ಮುಂದೆ ಕುಕ್ಕಿದಳು. ಅವರ ಭಾಷೆಯಲ್ಲಿ ‘ಸಕ್ಯೋ’ ಎಂದರೆ ಮುಗಿಯಿತು. ಅನ್ನ ಮುಗಿಯಿತೇ ಎಂದು ನಾನು ಅವಳ ಮನೆಯನ್ನು ಹಂಗಿಸಿದ ಹಾಗಾಗಿತ್ತು. ಅರ್ಥ ತಿಳಿದ ಮೇಲೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಒಂದೇ ಸದ್ದು ಗೆರೆಯ ಆಚೆ ಇನ್ನೊಂದು ಅರ್ಥವಾಗುತ್ತದೆಂಬುದು ನನಗೆ ಆಗ ತಮಾಷೆಯ ವಿಷಯವಾಗಿರಲಿಲ್ಲ.

ಊಟದ ನಂತರ ಕೂಟದ ವ್ಯವಸ್ಥಾಪಕ ಪ್ರಕಾಶ ಎಲ್ಲರಿಗೂ ಹಾಳೆಗಳನ್ನು ಹಂಚಿದ. ಚುರುಕು ಮಾತಿನ ತರುಣ. ಪ್ರತಿ ಹಾಡಿನ ಪಲ್ಲವಿಯನ್ನು ನೇಪಾಳಿ ಅಕ್ಷರಗಳಲ್ಲಿ ಬರೆದು, ಕೆಳಗೆ ಅರ್ಥ ಮುದ್ರಿಸಿದ್ದ. ನನ್ನ ‘ದಂಡ’ದ ಕೆಳಗೆ ‘ಜರಿವಾನಾ’ ಎಂದಿತ್ತು. ನಮ್ಮ ಜುಲ್ಮಾನೆಯ ಹತ್ತಿರದ ನೆಂಟ. “ಬೆಂಕಿಯಂಥ ಸಾಲು, ಬಹಿನಿ,” ಎಂದ. ಬಹಿನಿ ಎಂದರೆ ತಂಗಿ. “ನಾಳೆ ಮಧ್ಯಾಹ್ನ ನಿಮ್ಮದೇ ಮೊದಲು.”

ಆ ಸಾಲನ್ನು ಹಾಡುವುದಿಲ್ಲವೆಂದು ಅವನಿಗೆ ಆಗಲೇ ಹೇಳಬೇಕಿತ್ತು. ಕಾರಣ ಕೇಳಿದರೆ ಶಕುನವೆಂದು ಹೇಳಬೇಕಾದೀತೆಂಬ ನಾಚಿಕೆ ಬಾಯಿ ಕಟ್ಟಿತು. ಉತ್ತರ ಕೊಡದವರ ಮೇಲೆ ಹಾಡು ಕಟ್ಟಿದವಳು ಒಂದು ಸಣ್ಣ ಉತ್ತರವನ್ನು ನುಂಗಿಕೊಂಡೆ.

ಎರಡನೆಯ ದಿನ

ಅಂಗಡಿಗೆ ಗಿರಾಕಿ ಕಡಿಮೆಯಿರುವ ಮಧ್ಯಾಹ್ನ ಎರಡಕ್ಕೆ ಚಿಕ್ಕವ್ವ ಫೋನು ಮಾಡುವುದೆಂದು ಮಾತಾಗಿತ್ತು. ಆ ಮನೆಯಲ್ಲಿ ಇಂಟರ್ನೆಟ್ ಸಿಗುವುದು ಜಗುಲಿಯ ಒಂದು ಮೂಲೆಯಲ್ಲಿ ಮಾತ್ರ, ಕೋಳಿಬುಟ್ಟಿಯ ಪಕ್ಕ. ಎರಡು ಗಂಟೆಗೆ ಸರಿಯಾಗಿ ಅಲ್ಲಿ ನಿಂತೆ. ಎರಡು ಐದು. ಎರಡು ಹತ್ತು. ಫೋನು ಬರಲಿಲ್ಲ. ಮಾತು ತಪ್ಪುವವಳಲ್ಲ ಅವಳು. ಕೋಳಿಯೊಂದು ನನ್ನ ಪಾದವನ್ನು ಕುಕ್ಕುತ್ತಿತ್ತು, ಓಡಿಸಲಿಲ್ಲ. ಆಗ ಪ್ರಕಾಶ ಕೆಳಗಿನ ಅಂಗಳದಿಂದ ಕೂಗಿದ, ಎಲ್ಲರೂ ಕಾಯುತ್ತಿದ್ದರು. ಫೋನನ್ನು ಅಲ್ಲಿಯೇ ಕಿಟಕಿಯ ಮೇಲಿಟ್ಟು, ಮೆಟ್ಟಿಲಿಳಿದು, ಹಿತ್ತಲಿನ ನಲ್ಲಿಯಲ್ಲಿ ಮುಖ ತೊಳೆದು, ಮತ್ತೊಮ್ಮೆ ಮೇಲೆ ಬಂದು ನೋಡಿದೆ. ಎರಡು ಮಿಸ್ಡ್ ಕಾಲ್. ಎರಡೂ ಚಿಕ್ಕವ್ವನವು. ಎರಡು ಹದಿನೈದಕ್ಕೆ ಒಂದು, ಅದರ ಬೆನ್ನಿಗೇ ಇನ್ನೊಂದು.

ಕಾಲು ಗಂಟೆ. ನನ್ನ ಎರಡು ಗಂಟೆ ಅವಳ ಎರಡು ಗಂಟೆಯಾಗಿರಲಿಲ್ಲ.

ತಿರುಗಿ ಕರೆ ಮಾಡಿದೆ. ಗಂಟೆ ಬಾರಿಸಿತು, ಎತ್ತಲಿಲ್ಲ. ಮತ್ತೆ ಮಾಡಿದೆ, ಗಂಟೆಯೂ ಇಲ್ಲ. ಒಂದು ಕರೆಯಾಗಿದ್ದರೆ ಮಾತುಕತೆಗೆಂದು ಮಾಡಿದ್ದಾಳೆ ಎನ್ನಬಹುದಿತ್ತು. ಎರಡನೆಯದು ಯಾಕೆ? ನನ್ನ ಮನಸ್ಸು ಅಂಗಡಿಯ ಮುಂದೆ ನಿಂತ ಜೀಪನ್ನು ಕಂಡಿತು, ಇಸ್ತ್ರಿಯ ಸಮವಸ್ತ್ರದವರನ್ನು ಕಂಡಿತು, ಗಿಡ್ಡ ಅಳತೆಯ ಹಾರವನ್ನು ಕಂಡಿತು. ಕೆಳಗಿಂದ ಡೋಲಿನ ಸದ್ದು ಶುರುವಾಯಿತು.

ಸುಮಾರು ಇಪ್ಪತ್ತು ಜನ ಸುತ್ತಾಗಿ ಕುಳಿತಿದ್ದರು. ಎಲ್ಲರೂ ಹಾಡು ಕಟ್ಟುವವರೇ: ಶಾಲೆಯ ಮಾಸ್ತರರು, ಲಾರಿ ಓಡಿಸುವವರು, ಗದ್ದೆ ಮಾಡುವವರು. ನಡುವೆ ನಿಂತು ಮೊದಲ ನುಡಿ ಎತ್ತಿದೆ. ಕಳ್ಳೆಕಾಯಿ, ಎರಡು ಬೀಜ. ನನ್ನ ದನಿ ನನಗೇ ಬೇರೆಯವರದೆಂಬಂತೆ ಕೇಳುತ್ತಿತ್ತು. ‘ದಂಡಿಗೆ ಕರೆದೋರು ಯಾರವ್ವ, ಕೇಳಿರಿ’ ಎಂದು ನಿಲ್ಲಿಸಿದೆ. ಮುಂದಿನ ಸಾಲನ್ನು ಬಿಟ್ಟು ನೇರವಾಗಿ ಎರಡನೆಯ ನುಡಿಗೆ ಹೋಗುವುದೆಂದು ನಿಶ್ಚಯಿಸಿದ್ದೆ.

ನನಗೆ ತಿಳಿಯದಿದ್ದದ್ದು ಒಂದು. ಅಲ್ಲಿ ಹಾಡುವವರು ನಿಲ್ಲಿಸಿದರೆ ಕೇಳುವವರು ಎತ್ತಿಕೊಳ್ಳಬೇಕು. ಅದು ಅವರ ಹಾಡಿನ ಮರ್ಯಾದೆ. ನಾನು ಉಸಿರೆಳೆದುಕೊಳ್ಳುವ ಮೊದಲೇ ಇಪ್ಪತ್ತು ಕೊರಳುಗಳು, ಹಾಳೆಯನ್ನು ನೋಡುತ್ತಾ, ಡೋಲಿನ ಪೆಟ್ಟಿಗೆ ಸರಿಯಾಗಿ, ಇಡೀ ಕಣಿವೆಗೆ ಕೇಳುವಂತೆ ಕೂಗಿ ಹಾಡಿದವು:

*ದಂಡ ಕಟ್ಟೋರು ಯಾರೂ…*

ಎದುರಿನ ಬೆಟ್ಟ ಅದನ್ನು ಮತ್ತೊಮ್ಮೆ ಹೇಳಿತು.

ನಾನು ಆಮಾಳ ಪಕ್ಕ ಕುಕ್ಕರಿಸಿ ಡೋಲಿನ ಮೇಲೆ ಅಂಗೈ ಒತ್ತಿಬಿಟ್ಟೆ. ಸದ್ದು ಕತ್ತು ಹಿಸುಕಿದ ಹಾಗೆ ನಿಂತಿತು. ಎಲ್ಲರೂ ನನ್ನನ್ನೇ ನೋಡಿದರು.

“ತಪ್ಪಾಯಿತೇ? ಉಚ್ಚಾರ ಕೆಟ್ಟಿತೇ?” ಎಂದ ಪ್ರಕಾಶ.

ಆಗ ಹೇಳಿದೆ. ಹಾರದ ಅರ್ಥ, ಬುಟ್ಟಿ ಮುಟ್ಟಿದ್ದು, ಎರಡು ಭಾನುವಾರ, ಎರಡು ಮಿಸ್ಡ್ ಕಾಲ್. ಪ್ರಕಾಶ, “ಸಿಟ್ಟಾಗಬೇಡಿ ಬಹಿನಿ,” ಎಂದ. “ಅಧಿಕಾರದಲ್ಲಿರುವವರು ಉತ್ತರ ಹೇಳಲಿ ಎಂದು ಈ ಕೂಟಕ್ಕೆ ಹಾಕಿದ ಅರ್ಜಿಯಲ್ಲಿ ಎರಡು ಪುಟ ಬರೆದವರು ನೀವು. ಈಗ ಒಂದು ಪದಕ್ಕೆ ಹೆದರಿ ನಿಂತರೆ, ಯುದ್ಧ ಮಾಡಿಸುವವರಿಗೆ ಇದಕ್ಕಿಂತ ಅನುಕೂಲ ಬೇರೇನಿದೆ?”

ಚುಚ್ಚಿದ್ದು ನನ್ನದೇ ಸೂಜಿ. ನಾನೂ ಬಿಡಲಿಲ್ಲ. “ನಮ್ಮೂರಿನ ಹತ್ತಿರ ಹೇಮಾವತಿ ಎಂಬ ಹಳ್ಳಿ ಇದೆ. ಹಳೆಯ ಅರಸರ ಊರು. ನಮ್ಮ ಸೀಮೆಯ ವೀರಗಲ್ಲುಗಳನ್ನು ನೋಡಿದ್ದೀರಾ? ಕೆಳಗಿನ ಅಂಕಣದಲ್ಲಿ ವೀರ ಕಾದುತ್ತಿರುತ್ತಾನೆ. ನಡುವಿನದರಲ್ಲಿ ದೇವಕನ್ನೆಯರು ಹಾರ ಹಿಡಿದು ಅವನನ್ನು ಮೇಲಕ್ಕೊಯ್ಯುತ್ತಾರೆ. ಮೇಲಿನದು ಸ್ವರ್ಗ. ಸಾವಿರ ವರ್ಷಗಳಿಂದ ಮೂರೇ ಅಂಕಣ. ಅವನನ್ನು ಕಳಿಸಿದವನ ಮುಖ ಯಾವ ಕಲ್ಲಿನಲ್ಲೂ ಇಲ್ಲ. ಆ ನಾಲ್ಕನೆಯ ಅಂಕಣವನ್ನು ಕೆತ್ತಬೇಕೆಂದೇ ಈ ಸಾಲು ಬರೆದದ್ದು. ಆದರೆ ಅದನ್ನು ಒಬ್ಬ ತಾಯಿಯ ಎದೆಯ ಮೇಲಿಟ್ಟು ಕೆತ್ತುವ ಹಕ್ಕು ನನಗಿಲ್ಲ.”

ಆಮಾ ಡೋಲಿನ ಮೇಲಿಂದ ನನ್ನ ಕೈಯನ್ನು ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡು, “ಮುಂದಿನ ನುಡಿ ಇದೆಯಲ್ಲ, ಅದನ್ನು ಹಾಡು,” ಎಂದಳು. ಹಾಡಿದೆ:

*ಗೆರೆ ಎಳೆದ ಕೈ ಬ್ಯಾರೆ, ಗೆರೆ ಕಾಯೋ ಕೈ ಬ್ಯಾರೆ*
*ಎಳೆದ ಕೈ ಉಂಡು ಮಲಗೈತೆ, ನನ ತಮ್ಮ*
*ಕಾಯೋ ಕಣ್ಣಿಗೆ ನಿದ್ದಿಲ್ಲ.*

ಈ ಸಲ ಯಾರೂ ಎತ್ತಿಕೊಳ್ಳಲಿಲ್ಲ. ಆಮಾ ಮಾತ್ರ ಧಾಟಿಯನ್ನು ಮೂಗಿನಲ್ಲೇ ಗುನುಗಿದಳು, ನಮ್ಮಜ್ಜಿ ಬೀಸುಗಲ್ಲಿನ ಮುಂದೆ ಗುನುಗುತ್ತಿದ್ದ ಹಾಗೆಯೇ.

ಚಿಕ್ಕವ್ವನ ಫೋನು ಸಂಜೆಯವರೆಗೂ ಹತ್ತಲಿಲ್ಲ. ಆಮೇಲೆ ಜಗುಲಿಯ ಮೂಲೆಯ ಇಂಟರ್ನೆಟ್ಟೇ ಹೋಯಿತು.

ಮೂರನೆಯ ದಿನ

ಬೆಳಗ್ಗೆ ಕೋಳಿಬುಟ್ಟಿಯ ಪಕ್ಕ ನಿಂತು ಹನ್ನೊಂದನೆಯ ಸಲ ಕರೆ ಮಾಡಿದಾಗ ಎತ್ತಿದಳು.

“ಏನವ್ವಾ, ಉಂಡ್ಯಾ?”

“ನಿನ್ನೆ ಎರಡು ಸಲ ಯಾಕೆ ಮಾಡಿದ್ದೆ, ಚಿಕ್ಕವ್ವ?”

“ಮೊದಲ್ನೇದು ನೀ ಉಂಡ್ಯಾ ಅಂತ ಕೇಳಾಕ. ಎರಡ್ನೇದು ಮೊದಲ್ನೇದು ನೀ ಎತ್ತಲಿಲ್ಲಂತ. ಆಮೇಲ ಫೋನಿಗೆ ಜೀವ ಇರಲಿಲ್ಲ, ಹಾಳಾದ್ದು ಬ್ಯಾಟ್ರಿ.” ಒಂದು ಉಸಿರು. “ತಿಪ್ಪೇಶ ಮಾಡಿದ್ದ.”

ಹಿಂದಿನ ಸಂಜೆ, ಬ್ಯಾಟರಿಗೆ ಜೀವ ಬಂದ ಹತ್ತೇ ನಿಮಿಷಕ್ಕೆ. ಎರಡು ನಿಮಿಷ ಮಾತು. ಎಲ್ಲರ ಫೋನುಗಳನ್ನೂ ತೆಗೆದಿಟ್ಟಿದ್ದರಂತೆ. ಎಲ್ಲಿದ್ದೀ ಎಂದರೆ ಹೇಳಲಿಲ್ಲ, ಹೇಳಬಾರದಂತೆ. ಕೆಮ್ಮು ಇದೆಯಂತೆ.

“ನಿನ್ನ ಋಣ ಮರೆಯಂಗಿಲ್ಲವ್ವ ಭಾಗಿ,” ಎಂದಳು ಚಿಕ್ಕವ್ವ. “ನೀ ಬಾಯಿ ಮುಚ್ಚಿದಿ, ಅವ ಬಾಯಿ ತಗದ.”

ಸಂತೋಷಪಡುವ ಬದಲು ನಾನು ಲೆಕ್ಕ ಹಾಕಿದೆ. ಎರಡು ವಾರ ಒಬ್ಬ ತಾಯಿಯನ್ನು ಕತ್ತಲಲ್ಲಿಟ್ಟವರು ಯಾರಿಗೂ ಏನನ್ನೂ ಹೇಳಬೇಕಾಗಲಿಲ್ಲ. ಮಗ ಮಾತನಾಡಿದ್ದಕ್ಕೆ ಅಕ್ಕನ ಮೌನ ಕಾರಣವಾಯಿತು. ಇನ್ನು ಮುಂದೆ ಅವನು ಎಷ್ಟು ಸಲ ಮೌನವಾದರೂ ಅದಕ್ಕೆ ಯಾವುದೋ ಹಾಡು, ಯಾವುದೋ ಬೆಕ್ಕು, ಯಾವುದೋ ಸೀನು ಹೊಣೆಯಾಗುತ್ತದೆ. ಹೊಣೆಯಾಗಬೇಕಾದವರು ಉಂಡು ಮಲಗುತ್ತಾರೆ. ಇದು ಸಾಲದೆಂಬಂತೆ, ಆ ಮೌನವೂ ಸುಳ್ಳು. ಇಪ್ಪತ್ತು ಜನ, ಒಂದು ಡೋಲು, ಒಂದು ಬೆಟ್ಟ ಆ ಸಾಲನ್ನು ಹಾಡಿಯಾಗಿತ್ತು. ಹೇಳಬೇಕೆಂದು ಬಾಯಿ ತೆರೆದೆ. “ಗಿರಾಕಿ ಬಂದ್ರು, ಇಡ್ತೀನಿ,” ಎಂದು ಅವಳು ಇಟ್ಟಳು.

ಹೊರಡುವಾಗ ಆಮಾ ಒಳಗಿನ ಮೊಳೆಯಿಂದ ಒಂದು ಒಣಹಾರ ತೆಗೆದು ತಂದಳು. ನೇರಳೆ ಬಣ್ಣದ, ಅಂಗಿಯ ಗುಂಡಿಯಷ್ಟು ದಪ್ಪದ ಹೂಗಳು. ಕಳೆದ ವರ್ಷದ ದೀಪದ ಹಬ್ಬದಲ್ಲಿ ಕಟ್ಟಿದ್ದಂತೆ, ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. ಆ ಹಬ್ಬದ ದಿನ ಅಕ್ಕತಂಗಿಯರು ಈ ಹೂವಿನ ಹಾರವನ್ನು ಒಡಹುಟ್ಟಿದವನ ಕೊರಳಿಗೆ ಹಾಕುತ್ತಾರೆ. ಹೂ ಬಾಡುವವರೆಗೆ ಯಮ ಅವನನ್ನು ಮುಟ್ಟುವಂತಿಲ್ಲ. ಈ ಹೂ ಬಾಡುವುದಿಲ್ಲ.

“ಹಾರ ಕಟ್ಟುವವರು ಯಾರು ಎಂದು ನಿನ್ನ ಹಾಡು ಕೇಳಿತಲ್ಲ,” ಎಂದಳು. “ನಮ್ಮಲ್ಲಿ ಅಕ್ಕ ಕಟ್ಟುತ್ತಾಳೆ.”

“ನಿಮ್ಮ ಯಜಮಾನರಿಗೂ ಯಾರಾದರೂ ಕಟ್ಟಿದ್ದರೇ?” ಎಂದು ಕೇಳಿದೆ. ಕೇಳಬಾರದಿತ್ತು.

“ಕಟ್ಟಿದ್ದರು. ಅವರು ತಿರುಗಿ ಬಂದರು ಕೂಡ.” ಹಾರವನ್ನು ಹಳೆಯ ಪತ್ರಿಕೆಯಲ್ಲಿ ಸುತ್ತುತ್ತಾ ಹೇಳಿದಳು, “ಬಂದ ಮೇಲೆ ಹಾಡಲಿಲ್ಲ. ನಾನು ಕಲಿತದ್ದೆಲ್ಲ ಅವರು ಬಿಟ್ಟ ಹಾಡುಗಳೇ.”

ಮತ್ತೆ ರಾಯದುರ್ಗ

ದಾರಿಯುದ್ದಕ್ಕೂ ಆ ಪತ್ರಿಕೆಯ ಪೊಟ್ಟಣಕ್ಕಿಂತ ಹೇಳದೆ ಉಳಿದ ಮಾತು ಹೆಚ್ಚು ತೂಗುತ್ತಿತ್ತು. ಚಿಕ್ಕವ್ವ ನನಗಾಗಿ ಎತ್ತಿಟ್ಟಿದ್ದ ಕನಕಾಂಬರದ ಮಾಲೆಯನ್ನು ಮುಡಿಸುವ ಮೊದಲೇ ಹೇಳಿಬಿಟ್ಟೆ.

“ನಾನು ಹಾಡಲಿಲ್ಲ ಚಿಕ್ಕವ್ವ, ನಿಜ. ಆದ್ರೆ ಆ ಸಾಲು ನಿಂತಿಲ್ಲ. ಇಪ್ಪತ್ತು ಜನ ಹಾಡಿದ್ರು. ಹಾಳೆ ಅಚ್ಚಾಗಿದ್ದು ಗೊತ್ತಿದ್ರೂ ನಾನು ಮೊದಲೇ ತಡೀಲಿಲ್ಲ. ಅವನು ಫೋನ್ ಮಾಡೋದಕ್ಕೆ ಮುಂಚೆ. ತಪ್ಪು ನಂದೇ.”

ಬೈಗಳಿಗೆ ಸಿದ್ಧಳಾಗಿ ನಿಂತೆ.

“ಇಪ್ಪತ್ತು ಮಂದಿ?”

“ಡೋಲು ಹೊಡೆದು.”

“ಆದ್ರೂ ಅವ ಮಾಡಿದ್ನಾ?”

“ಆದ್ರೂ ಮಾಡಿದ.”

ಚಿಕ್ಕವ್ವ ನಗಲು ಶುರುಮಾಡಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಭುಜ ಕುಲುಕಿಸಿ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. “ಹಂಗಾದ್ರ ಆ ಹಾಡಿಗೂ ಅವನ ಫೋನಿಗೂ ಏನೂ ಸಂಬಂಧ ಇಲ್ಲ ಅನ್ನು. ಇಷ್ಟು ದಿನ ಸುಮ್ಮನ ನಿನ್ನ ಬಾಯಿ ಹೊಲದಿದ್ದೆ.” ನಗು ಇಳಿಯಿತು. “ಫೋನ್ ಕಸ್ಕೊಂಡೋರನ್ನ ಬಿಟ್ಟು ನಿನ್ನ ಹಿಡಕೊಂಡಿದ್ದೆ ನೋಡು.”

ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಹೆಣಗಿ ನಾನು ಬರೆದ ಪ್ರಬಂಧದಲ್ಲಿ ಈ ವಾಕ್ಯ ಇರಲಿಲ್ಲ.

ಆಮಾಳ ಹಾರ ಬಿಚ್ಚಿ ಕೊಟ್ಟೆ. ಮೊಣಕೈಯಿಂದ ಬೆರಳ ತುದಿಯವರೆಗೆ ಹಿಡಿದು ಅಳೆದಳು. “ಕೊರಳಿನ ಅಳತಿ,” ಎಂದಳು. “ಈ ಹೂವು ನಮ್ಮ ಕಡಿನೂ ಐತಿ, ನಾವು ಲೆಕ್ಕಕ್ಕ ಹಿಡಿಯಂಗಿಲ್ಲ. ಗೋಡಿಗೆ ಹಾಕೂದು ಬ್ಯಾಡ, ಅವನ ಫೋಟೋ ಪಕ್ಕದಾಗೈತಿ. ಪೋಸ್ಟಿಗೆ ಹಾಕ್ತೀನಿ. ಊರಿನ ಹೆಸರೇ ಇಲ್ಲದ ವಿಳಾಸ ಕೊಟ್ಟಾರ, ಬರೇ ನಂಬರು. ಹೋಗಿ ಮುಟ್ಟತೈತೋ ಇಲ್ಲೋ, ಅದನ್ನೂ ಕೇಳೂಣಂತ.”

ಮತ್ತೆ ಕೈ ದಾರಕ್ಕೆ ಹೋಯಿತು. ಸೇವಂತಿಗೆಯನ್ನು ಒಂದೊಂದಾಗಿ ಏರಿಸುತ್ತಾ, ಯಾರಿಗೂ ಕೇಳಿಸಲೆಂದಲ್ಲದೆ, ತವರಿನ ರಾಗಿ ಬೀಸುವ ಧಾಟಿಯಲ್ಲಿ ಎತ್ತಿದಳು. ನನ್ನ ಸಾಲೇ, ಆದರೆ ಅದಕ್ಕೆ ಇಲ್ಲದಿದ್ದ ಇನ್ನೊಂದು ಕಿವಿಯನ್ನು ಅವಳು ಕೊಟ್ಟಿದ್ದಳು:

*ದಂಡ ಕಟ್ಟೋಳು ನಾನವ್ವ, ಕೇಳಿರಿ*
*ದಂಡ ಕಟ್ಟೋರು ಯಾರು?*

ಮೊದಲ ದಂಡ ಅವಳ ಕೈಯಲ್ಲೇ ಇತ್ತು, ಹಳದಿಯಾಗಿ, ಒದ್ದೆಯಾಗಿ. ಎರಡನೆಯದು ತಪ್ಪಿಗೆ ತೆರುವ ದಂಡ, ಅದನ್ನು ಕಟ್ಟುವವರು ಯಾರೆಂದು ಕೇಳುತ್ತಿದ್ದಳು.

ಬೈಕು ನಿಲ್ಲಿಸಿ ಒಬ್ಬಾತ ಬಂದ. “ಅಮ್ಮಾ, ಒಕ ದಂಡ.”

ಹಾಡು ನಿಂತಿತು. ತಲೆಯೆತ್ತದೆ ಕೇಳಿದಳು: “ಫೋಟೋಕ್ಕೇನಪ್ಪಾ, ಕೊರಳಿಗೇನಪ್ಪಾ?”

“ಕೊರಳಿಗ್ರಿ. ನಮ್ಮ ತಮ್ಮ ಮಿಲಿಟರಿಗೆ ಹೊಂಟಾನ, ಸಂಜಿ ಬಸ್ಸಿಗೆ.”

ಚಿಕ್ಕವ್ವನ ಬೆರಳುಗಳು ದಾರದ ಮೇಲೆ ಮತ್ತೆ ನಿಂತವು, ನಾನು ಕಂಡಂತೆ ಎರಡನೆಯ ಸಲ. ಆಮೇಲೆ ಹೊಸ ದಾರ ಎಳೆದುಕೊಂಡಳು. ಎಂದಿನ ಅಳತೆ ಮುಗಿದರೂ ಗಂಟು ಹಾಕಲಿಲ್ಲ. ಅವನು “ಸಾಕ್ರಿ” ಎಂದ. ಅವಳು ಕೇಳಿಸಿಕೊಳ್ಳಲಿಲ್ಲ. ಒಂದು ಗೇಣು, ಮತ್ತೊಂದು ಗೇಣು, ಯಾವ ಫೋಟೋಕ್ಕೂ ಎಂದೂ ಹೊಂದದಷ್ಟು ಉದ್ದಕ್ಕೆ ಕಟ್ಟುತ್ತಲೇ ಇದ್ದಳು.